ಥ್ರೆಡ್ಡು

ಹನ್ನೊಂದು ಹೊಲಿಗೆ. ಎಣಿಸಿದ್ದೇನೆ.
ಹನ್ನೆರಡನೆಯದಕ್ಕೆ ಪಟ್ಟೆಂದು ಹರಿಯುತ್ತದೆ,
ಟಾರ್ಪಾಲಿನ ಅಡಿಗೆ ದಾರ ಗುಬ್ಬಿಗೂಡು ಕಟ್ಟಿರುತ್ತದೆ.

ಮುಳಬಾಗಿಲು ಬೈಪಾಸು. ಬೆಳಗಿನ ಏಳು.
ವಡ್ಡಹಳ್ಳಿ ಮಂಡಿಯ ಟೊಮೆಟೊ ಎತ್ತಬೇಕಾದ ಲಾರಿ
ಅಂಗಡಿ ಮುಂದೆ ಬರಿಬೆನ್ನಲ್ಲಿ ನಿಂತಿದೆ.
‘ಅಕ್ಕಾ, ಆಯ್ತಾ?’
ಮೂರು ದಿನದಲ್ಲಿ ರೆಡ್ಡೆಪ್ಪನದು ಇದು ನಾಲ್ಕನೇ ಸಲ.
ಆಗಿಲ್ಲ. ಟೀ ಕುಡಿದು ಬಾ.

ಈ ಮಿಷನ್ನು ನನಗಿಂತ ಹಿರಿದು, ನನ್ನವ್ವನಿಗಿಂತಲೂ.
ಕಂಪನಿಯ ಹೆಸರಲ್ಲಿ ಉಳಿದಿರುವುದು ಎರಡೇ ಅಕ್ಷರ.
ಗಫೂರ್ ಉಸ್ತಾದರು ಇದನ್ನು ಎಮ್ಮೆ ಅನ್ನುತ್ತಿದ್ದರು:
ಚರ್ಮ, ಕ್ಯಾನ್ವಾಸು, ನಾಲ್ಕು ಪದರ ಗೋಣಿ,
ಒಮ್ಮೆ ಪಂದ್ಯ ಕಟ್ಟಿ ಅವರದೇ ಚಪ್ಪಲಿ,
ಏನು ಒಡ್ಡಿದರೂ ತಲೆಯೆತ್ತದೆ ಮೇಯುತ್ತಿತ್ತು.

ಸೂಜಿ ಬದಲಿಸಿದೆ.
ಬಾಬಿನ್ನು ಬಿಚ್ಚಿ ಮತ್ತೆ ಸುತ್ತಿದೆ.
ದಾರದ ಹುರಿ ಎಡಕ್ಕೋ ಬಲಕ್ಕೋ
ಹೆಬ್ಬೆರಳಲ್ಲಿ ಹೊಸೆದು ನೋಡಿದೆ.
ಟೆನ್ಷನ್ನು ಸಡಿಲ, ಬಿಗಿ, ಸಡಿಲ,
ಹಾಗೆ ತಿರುಗಿಸುತ್ತಿರುವಾಗಲೇ ಅದರ ಸ್ಕ್ರೂ ಕಳಚಿ
ಟಿಣ್ಣೆಂದು ನೆಲಕ್ಕೆ ಬಿದ್ದು
ಯಾರೋ ಕರೆದ ಹಾಗೆ ಉರುಳುತ್ತ ಚರಂಡಿಗೆ ಹೋಯಿತು.

ಬಂಗಾರಪೇಟೆ. ನಿಸಾರ್ ಭಾಯಿಯ ಗುಜರಿ.
ಏಳು ಡಾಲ್ಡಾ ಡಬ್ಬಿಗಳ ತುಂಬ ಬರೀ ಸ್ಕ್ರೂ.
‘ಹುಡುಕ್ಕೋ ಬೇಟಿ, ಸಿಕ್ಕರೆ ಹತ್ತು ರೂಪಾಯಿ.
ಸಿಗದಿದ್ದರೂ ಹತ್ತು, ಕೂತ ಜಾಗದ ಬಾಡಿಗೆ.’
ಹೊತ್ತು ಇಳಿಯುವವರೆಗೂ ಹುಡುಕಿದೆ.
ಒಂದು ಸುತ್ತು ಸರಾಗ ಹೋಗುತ್ತದೆ,
ಎರಡನೆಯದಕ್ಕೆ ಹೊಸ ಅಳಿಯನ ಹಾಗೆ
ಹೊಸಿಲಲ್ಲೇ ಮುನಿಸಿಕೊಳ್ಳುತ್ತದೆ.
ಹತ್ತು ಕೊಟ್ಟು ಎದ್ದು ಬಂದೆ.

ಲೇತಿನ ಕದಿರಪ್ಪ ಕೇಳಿದ: ‘ಥ್ರೆಡ್ಡು ಎಷ್ಟು?’
‘ನೈಲಾನು, ಇಪ್ಪತ್ತು ನಂಬರು’ ಅಂದೆ.
ಕಣ್ಣಲ್ಲಿ ನೀರು ಬರುವಷ್ಟು ನಕ್ಕ.
‘ನಿಂದಲ್ಲಮ್ಮಾ. ಸ್ಕ್ರೂಂದು.’
ಬೆಂಕಿಕಡ್ಡಿಯ ಬಾಲ ಕೆತ್ತಿ ತೂತಿಗೆ ತಿರುವಿ
ಮೆಲ್ಲಗೆ ಹೊರಗೆ ತೆಗೆದ.
ಮರದ ಮೈಮೇಲೆ ಸಣ್ಣ ಸುತ್ತುಗೆರೆ,
ಮಿಲಿಮೀಟರಿಗೂ ಬಗ್ಗದ್ದು, ಇಂಚಿಗೂ ಬಗ್ಗದ್ದು.
‘ನನ್ನ ತಿರುಪು ಇನ್ನೊಬ್ಬನ ಅಂಗಡೀಲಿ ಸಿಗಬಾರದು ಅಂತ
ಯಾವನೋ ಬೇಕೂಂತಲೇ ಕೊರೆದಿದ್ದಾನೆ.
ಅವನು ಸತ್ತು ಎಷ್ಟು ಕಾಲವಾಯ್ತೋ,
ಹಟ ನೋಡು, ಇನ್ನೂ ಬಿಗಿಯಾಗಿದೆ.’
ಬೈದುಕೊಂಡೇ ಉಳಿ ಸಾಣೆ ಹಿಡಿದ.
ಮೂರನೆಯ ಸ್ಕ್ರೂ ಕೂತಿತು.

ಬಂದು ಹಾಕಿದೆ, ಪೆಡಲು ಒತ್ತಿದೆ.
ಹನ್ನೊಂದು.
ಪಟ್.

ಆ ರಾತ್ರಿ ಕರೆಂಟಿರಲಿಲ್ಲ.
ಕಣ್ಣು ಸುಳ್ಳು ಹೇಳುತ್ತೆ, ಉಗುರನ್ನು ಕೇಳು
ಅನ್ನುತ್ತಿದ್ದರು ಉಸ್ತಾದರು.
ಉಂಡೆಯಿಂದ ಸೂಜಿಯವರೆಗೆ
ದಾರ ನಡೆಯುವ ದಾರಿಯಲ್ಲೇ ಉಗುರು ನಡೆಸಿದೆ.
ಕೊಕ್ಕೆಯೊಂದರ ಒಳಮಗ್ಗುಲಲ್ಲಿ ತಡೆಯಿತು.
ಕೂದಲಷ್ಟು ಗಾಯ.

ಅರ ಅಲ್ಲ, ಸುತ್ತಿಗೆ ಅಲ್ಲ. ದಾರ.
ಅರವತ್ತು ವರ್ಷ ಒಂದೇ ಜಾಗಕ್ಕೆ ಒರಗಿಕೊಂಡು ಓಡಿ
ಹತ್ತಿ, ಲಿನನ್ನು, ಆಮೇಲೆ ನೈಲಾನು
ಉಕ್ಕನ್ನು ಕೊಯ್ದಿದೆ.
ಈಗ ಆ ಗೀರು ಕುಳಿತಲ್ಲೇ
ಬರುವ ಒಂದೊಂದೇ ಎಳೆಯನ್ನು ಕೊಯ್ಯುತ್ತಿದೆ.
ಯಾರನ್ನು ಬೈಯುವುದು?

ಕದಿರಪ್ಪನ ಬಾಗಿಲು ಬಡಿದು
ವಾಲ್ವು ಉಜ್ಜುವ ಪೇಸ್ಟು ಬೆರಳಷ್ಟು ತಂದೆ.
ದಪ್ಪ ದಾರಕ್ಕೆ ಮೆತ್ತಿ, ಗಾಯದಲ್ಲಿ ಕೂರಿಸಿ,
ಮೊಸರು ಕಡೆಯುವ ಹಗ್ಗದ ಹಾಗೆ
ಎಳೆದೆ, ಬಿಟ್ಟೆ, ಎಳೆದೆ.
ಹೈವೇಯ ಲಾರಿಗಳ ಬೆಳಕು
ಗೋಡೆ ಮೇಲೆ ಬಂದು ಬಂದು ಹೋಯಿತು.
ಉಗುರು ಜಾರುವವರೆಗೆ ಎಳೆದೆ.

ಹನ್ನೊಂದು. ಹನ್ನೆರಡು.
ನಲವತ್ತರ ಮೇಲೆ ಎಣಿಸುವುದು ಬಿಟ್ಟೆ.

ರೆಡ್ಡೆಪ್ಪ ಹೊಲಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದ.
‘ಇಷ್ಟಕ್ಕೆ ಮೂರು ದಿನವಾ?’
ಇಷ್ಟಕ್ಕೇ, ಅಂದೆ. ದುಡ್ಡು ಎಣಿಸು.

ಕದಿರಪ್ಪನ ಬೆಂಕಿಕಡ್ಡಿ ನನ್ನ ಡ್ರಾಯರಿನಲ್ಲಿದೆ,
ಬಾಲಕ್ಕೆ ಸುತ್ತುಗೆರೆ, ತಲೆಗೆ ಮದ್ದು ಹಾಗೇ.
ಕರೆಂಟು ಹೋದಾಗ ಒಮ್ಮೊಮ್ಮೆ
ಕೈಗೆ ಮೊದಲು ಅದೇ ಸಿಗುತ್ತದೆ.
ಬೇರೆ ಹುಡುಕುತ್ತೇನೆ.