ಒಂದು ಗೆರೆ

ಗೋವನ್ನಿನ ಹಳೇ ಹಡಗುಕಟ್ಟೆಯ ಮಗ್ಗುಲಲ್ಲಿ
ನಮ್ಮ ಕಂಪನಿ: ಒಂಬತ್ತು ಜನ, ಒಂದು ಕೆಟ್ಟ ಹೀಟರ್,
ಜೂನ್‌ವರೆಗಿನ ದುಡ್ಡು.

ಮೇಲೆ ನಮ್ಮ ಉಪಗ್ರಹ, ಚಪ್ಪಲಿ ಡಬ್ಬಿಯಷ್ಟು,
ಗಿರಗಿರ ತಿರುಗುತ್ತಿದೆ.
ನಿಲ್ಲಬೇಕಿತ್ತು. ಸುತ್ತಿಂದ ಸುತ್ತಿಗೆ ಜೋರು.

ಮೂರನೇ ರಾತ್ರಿ ಐಲಿ ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಕೇಳಿದಳು,
"ತಂತಿ ಸುತ್ತಿದ್ದು ಯಾವ ಕಡೆಯಿಂದ?"

ಸುತ್ತಿದ್ದು ನಾನೇ. ಆ ಸಾಲು ಬರೆದದ್ದೂ.
ಒಂದು ಮೈನಸ್ ಬಿಟ್ಟುಹೋಗಿತ್ತು,
ನುಚ್ಚಕ್ಕಿಯಷ್ಟು ಗೆರೆ.
ತಡೆಯಬೇಕಾದ ಕೈ ತಳ್ಳುತ್ತಿತ್ತು,
ಪ್ರದಕ್ಷಿಣೆಯೆಂದು ತಿಳಿದದ್ದು ಅಪ್ರದಕ್ಷಿಣೆ.

ಎರಡು ನಲವತ್ತಕ್ಕೆ ಅದು ದಿಗಂತ ಹತ್ತಿತು.
ಏಳು ನಿಮಿಷ. ಗೆರೆ ಕಳಿಸಿದೆವು.
ಉತ್ತರ ಬರುವ ಮುಂಚೆ ಮುಳುಗಿತು.

ಇನ್ನು ತೊಂಬತ್ತೈದು ನಿಮಿಷ.
ಕ್ಯಾಮೆರಾಗೆ ನಕ್ಷತ್ರಗಳ ಗುರುತು ಕಲಿಸಿದವಳು ನಾನು.
ನಾನೇ ಒಂದು ಕಂಡು ನಲವತ್ತು ದಿನ,
ಗ್ಲಾಸ್ಗೋ ಮೋಡ.

ಮತ್ತೆ ಬಂತು. ಹನ್ನೊಂದಿದ್ದದ್ದು
ಹತ್ತೂವರೆ. ಹತ್ತು.
ಯಾರೂ ಕೂಗಲಿಲ್ಲ.
ಐಲಿ ಇನ್ನೊಂದು ಬಿಸ್ಕತ್ತು ತೆಗೆದಳು.

ಬೆಳಗಿನ ಮೊದಲ ಸಬ್‌ವೇ.
ತಪ್ಪು ಕಡೆಯದ್ದು ಹತ್ತಿದ್ದೇನೆಂದು
ಇಬ್ರಾಕ್ಸ್ ಬೋರ್ಡು ಕಂಡಾಗ ಹೊಳೆಯಿತು.
ಇಳಿಯಲಿಲ್ಲ.
ಉಂಗುರದ ದಾರಿ ಇದು,
ಅಪ್ರದಕ್ಷಿಣೆ ಹೋದರೂ ಹಿಲ್‌ಹೆಡ್ ಸಿಗುತ್ತದೆ,
ನಿದ್ದೆಗೆ ಒಂಬತ್ತು ಸ್ಟೇಷನ್ ಹೆಚ್ಚು.