ಶುಕ್ರವಾರದ ಉಸಿರು

ಯಂತ್ರದ ಬಾಗಿಲು ತೆಗೆದಾಗ ಒಂದು ಸಿಹಿ ವಾಸನೆ ಬರುತ್ತದಂತೆ,
ಔಷಧಿ ಅಂಗಡಿಯಂಥದ್ದು.
ಮುಹರ್ರಕ್‌ನ ಈ ಲಾಂಡ್ರಿಯಲ್ಲಿ
ನನ್ನ ಮೂಗಿಗೆ ಅದು ಸಿಗದೆ ಹನ್ನೊಂದು ವರ್ಷ.

ಕಾಲರಿಗೆ ಸಿಕ್ಕಿಸಿದ ಬಿಲ್ಲೆಯನ್ನು
ವರ್ಷಕ್ಕೊಮ್ಮೆ ಯಾರೋ ಒಯ್ದು ಅಳೆಯುತ್ತಾರೆ:
‘ಮಿತಿಯೊಳಗಿದೆ.’
ಇರಲಿ. ನಾನೂ ಮಿತಿಯೊಳಗೇ ಇರುವವನು,
ಸಂಬಳ, ಸಕ್ಕರೆ, ಊರಿಗೆ ಫೋನು.

ಕ್ಲಿನಿಕ್ಕಿನ ನರ್ಸಮ್ಮನದು ಬೇರೆ ಲೆಕ್ಕ.
ಉಸಿರಿಂದ ರಕ್ತಕ್ಕೆ, ರಕ್ತದಿಂದ ಕೊಬ್ಬಿಗೆ,
ಅಲ್ಲಿ ಕೂತುಬಿಡುತ್ತದೆ
ಚಪ್ಪಲಿ ಒಳಗಿಟ್ಟ ನೆಂಟನ ಹಾಗೆ.
ಆಮೇಲೆ ದಿನಗಟ್ಟಲೆ ಚೂರುಚೂರೇ ಹೊರಡುತ್ತದೆ
ಬಂದ ದಾರಿಯಲ್ಲೇ.
ಸ್ವಲ್ಪವೇ ಅಲ್ಲವಾ, ಅಂದೆ.
ಸ್ವಲ್ಪವಾದ್ದಕ್ಕೇ ಮೈ ಗಲಾಟೆ ಮಾಡದೆ
ಇಟ್ಟುಕೊಳ್ಳುತ್ತದೆ, ಅಂದರು.

ಅಂದರೆ ಶುಕ್ರವಾರ ಬುಸೈತೀನಿನ ದಂಡೆಯಲ್ಲಿ
ನೀರಿಗೆ ಕಾಲು ಬಿಟ್ಟು ನಾನು ಬಿಡುವ ಉಸಿರು
ಮಂಗಳವಾರದ್ದು.
ಯಾರದೋ ಮದುವೆಯ ಬಿಷ್ತಿನ ತುಪ್ಪದ ಕಲೆ,
ಬ್ಯಾಂಕಿನವನ ಕೋಟಿನ ಕಾಫಿ
ಈಗಷ್ಟೇ ಹೊರಬಿದ್ದು
ಸಮುದ್ರದ ಮೇಲೆ ಹೋಗುತ್ತಿವೆ.

ವಿಸಿಟ್ ವೀಸಾದಲ್ಲಿ ಬಂದ ಸುಗಂಧಿ
ಮೊದಲ ರಾತ್ರಿಯೇ ಮುಖ ತಿರುಗಿಸಿದಳು,
‘ಕುಡಿದಿದ್ದೀರಾ?’
ಎರಡನೇ ವಾರ ಏನೂ ಕೇಳಲಿಲ್ಲ.
ಮೂರನೇ ವಾರ
‘ಹೋಯಿತಲ್ಲ ಆ ವಾಸನೆ’ ಎಂದು ನಕ್ಕಳು.
ನನಗೆ ನಗು ಬರಲಿಲ್ಲ.

ಕಿಟಕಿ ತೆರೆದೆ. ಧೂಳು, ನಲವತ್ತೊಂದು ಡಿಗ್ರಿ.
ಎಸಿ ಹಾಳಾಗುತ್ತದೆ, ಮುಚ್ಚಿ, ಅಂದಳು.
ಮುಚ್ಚಿದೆ.
ಅವಳಿಗೆ ನಿದ್ದೆ ಹತ್ತಿದ ಮೇಲೆ
ಚಾಪೆಯನ್ನು ಬಾಗಿಲ ಬಳಿಗೆ ಎಳೆದುಕೊಂಡು
ಸಂದಿನ ಕಡೆಗೆ ಬಾಯಿಟ್ಟು ಮಲಗಿದೆ.