ಹೆಸರಿಲ್ಲದ ‘ಗೆ’

ಹೊಸೂರು ರಸ್ತೆಯ ಗೋರಿಗಳ ಗೋಡೆಗೆ ಆತುಕೊಂಡು
ಅರುಳಪ್ಪನ ತಗಡಿನ ಶೆಡ್ಡು.
ಅಮೃತಶಿಲೆ, ಕರಿಗಲ್ಲು, ಸಾದರಹಳ್ಳಿಯ ಬೂದುಗಲ್ಲು,
ಮೂಗು ಮುರಿದ ದೇವದೂತನ ತೋಳಿಗೆ
ಟವೆಲ್ಲು, ಹೆಲ್ಮೆಟ್ಟು.

ನಾನು ಕೊಂಡೊಯ್ದದ್ದು ಒಂದು ಅಚ್ಚು.
ಒದ್ದೆ ಕಾಗದ ಬಡಿದು ಒಣಗಿಸಿ ತೆಗೆದದ್ದು.
ಆಲ್ಪ್ಸ್ ಬೆಟ್ಟದ ಬುಡ, ಒಂದು ಸರೋವರದ ದಂಡೆ,
ಎರಡೂವರೆ ಸಾವಿರ ವರ್ಷ.
ಲೆಪಾಂಟಿಕ್ ಎಂಬುದು ಆ ನುಡಿಗೆ ನಾವಿಟ್ಟ ಹೆಸರು;
ಆಡಿದವರು ಅದನ್ನು ಏನೆಂದು ಕರೆದರೋ
ಹೇಳದೆ ಹೋದರು.

ಹನ್ನೊಂದು ವರ್ಷ ಅದನ್ನೇ ನೋಡಿದ್ದೇನೆ
ಹನುಮಂತನಗರದ ಬಾಡಿಗೆ ಮಹಡಿಯಲ್ಲಿ,
ಕೆಳಗಿನ ಮನೆಯ ಮಿಕ್ಸಿಯ ಸದ್ದಿನ ಮೇಲೆ ಕೂತು.
ಬಲದಿಂದ ಎಡಕ್ಕೆ ಓದಬೇಕು. ಬಲತುದಿ ಒಡೆದಿದೆ.
ಉಳಿದದ್ದು: ಐ.
ಆಮೇಲೆ ಮೂರು ಚುಕ್ಕೆ.
ಆಮೇಲೆ ಪಲ.
ಆಮೇಲೆ ಅರ್ಧ ಗೀರು, ಮತ್ತೆ ಬರೀ ಕಲ್ಲು.

ಪಲ ಅಂದರೆ ಗೋರಿಯ ಕಲ್ಲು, ಇದ್ದರೂ ಇರಬಹುದು.
ಇದ್ದರೂ ಇರಬಹುದು, ನಮ್ಮ ಶಾಸ್ತ್ರದ ಪಲ್ಲವಿ ಅದು.
ಹಳಗನ್ನಡದ ಪಲ ನನ್ನ ಕಿವಿಯ ಹೊರಗೆ ನಿಂತು
ಪಲವು, ಹಲವು, ಹಲವರು ಎಂದು
ಬಾಗಿಲು ಬಡಿಯುತ್ತದೆ; ತೆರೆಯುವುದಿಲ್ಲ.
ಒಮ್ಮೆ ತೆರೆದೆ. ಇಪ್ಪತ್ತೆರಡು ಪುಟ ಬರೆದೆ, ಹರಿದೆ.

‘ಐ’ ಮಾತ್ರ ಗಟ್ಟಿ. ನಮ್ಮ ‘ಗೆ’.
ಹೆಣ್ಣು ಹೆಸರಿನ ಬಾಲ.
ಯಾರು ಎಂಬುದು ಚೂರಾಗಿ ಯಾವ ಹೊಲದ ಬದುವಿಗೆ ಹೋಯಿತೋ,
ಯಾವ ಕೊಟ್ಟಿಗೆಯ ಹೊಸಿಲಾಯಿತೋ,
ಗೆ ಉಳಿದಿದೆ,
ಕೊಡಲು ಚಾಚಿದ ಕೈ ಚಾಚಿಕೊಂಡೇ ಇದೆ.

ಅರುಳಪ್ಪ ಕನ್ನಡಕ ಹಣೆಗೇರಿಸಿ
ಕಾಗದದ ಉಬ್ಬನ್ನು ಬೆರಳಲ್ಲಿ ಓದಿದ.
“ಈ ಲಿಪೀಲಿ ಪ ಬ ಒಂದೇ, ತ ದ ಒಂದೇ, ಕ ಗ ಒಂದೇ,” ಎಂದೆ
ಕಷ್ಟ ತೋಡಿಕೊಳ್ಳುವ ಧಾಟಿಯಲ್ಲಿ.
“ನಮ್ಮ ತಮಿಳೂ ಹಂಗೇ ಅಲ್ವಾ ಮೇಡಂ,” ನಕ್ಕ.
“ಬಾಲು ಸತ್ರೂ ಪಾಲ್ ಸತ್ರೂ ಅದೇ ಅಕ್ಷರ.
ಮನೆಯೋರು ಬಂದು ಸರಿಯಾಗೇ ಓದ್ಕೊತಾರೆ.
ಹೋದೋರ ಹೆಸರು ಗೊತ್ತಿರುತ್ತಲ್ಲ.”

ಆಮೇಲೆ ಸುಮ್ಮನಾದ.
“ಇಲ್ಲಿ ಉಳಿ ಜಾರಿದೆ. ಕೈ ಹೊಸದು, ಹುಡುಗ ಇರಬೇಕು.
ಇಲ್ಲಿ ಊಟಕ್ಕೆ ಎದ್ದಿದಾನೆ,
ಮುಂದಿನ ಏಟು ಬೇರೆ, ಉಳಿ ಮಸೆದು ಬಂದಿದಾನೆ.
ಇಲ್ಲಿ…” ಅರ್ಧ ಗೀರಿನ ಮೇಲೆ ಬೆರಳು ನಿಂತಿತು.
“ಇದು ಒಡೆದಿಲ್ಲ ಮೇಡಂ. ಬಿಟ್ಟಿದ್ದು.”

ನನ್ನ ಹನ್ನೊಂದು ವರ್ಷದ ಚೌಕ ಕಂಸಗಳು
ಇಲ್ಲದ ಅಕ್ಷರಗಳನ್ನು ಹೊತ್ತು ನಿಂತಿದ್ದವು ಅಲ್ಲಿ:
ಕೆತ್ತಿಸಿದವನ ಹೆಸರು, ಅವನಪ್ಪನ ಹೆಸರು, ಒಂದು ಕ್ರಿಯಾಪದ,
ಅಡಿಟಿಪ್ಪಣಿ ಸಮೇತ.

ಅವನು ಶೆಡ್ಡಿನ ಹಿಂದಕ್ಕೆ ಕರೆದೊಯ್ದ.
ನೀರಿನ ಡ್ರಮ್ಮು ಸರಿಸಿದರೆ ಅದರಡಿ ಚಪ್ಪಡಿ, ಪಾಚಿ:
‘ನಮ್ಮ ಪ್ರೀತಿಯ ಫಿಲೋಮಿನಮ್ಮನವರಿ’
ಅಲ್ಲಿಗೆ ನಿಂತಿದೆ. ಮುಂದೆ ಹೊಳಪು.
“ಅಕ್ಷರಕ್ಕೆ ಹದಿನೆಂಟು ರೂಪಾಯಿ ಆಗ.
ಅಡ್ವಾನ್ಸ್ ಕೊಟ್ಟೋನು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂದ.
ಮಗನೋ ಗಂಡನೋ, ಕೇಳ್ಲಿಲ್ಲ. ಕೊಟ್ಟ ದುಡ್ಡಿಗೆ ಇಷ್ಟು ಬಂತು.”
“ಉಜ್ಜಿ ಮಾರಬಹುದಿತ್ತಲ್ಲ?”
“ಉಜ್ಜಬಹುದು,” ಎಂದ.
ಡ್ರಮ್ಮನ್ನು ಮೊದಲಿದ್ದ ಜಾಗಕ್ಕೇ ತಳ್ಳಿದ.

ರಾತ್ರಿ ರಬ್ಬರು ಹಿಡಿದು ಕೂತೆ.
ಮಿಕ್ಸಿ ನಿಂತಿತ್ತು. ಕಂಸಗಳು ಒಂದೊಂದಾಗಿ ಹೋದವು,
ಕ್ರಿಯಾಪದಕ್ಕೆ ತುಸು ಹೊತ್ತು ಹಿಡಿಯಿತು.
ಅನುವಾದ ಎಂಬಲ್ಲಿ ಈಗ ಇಷ್ಟಿದೆ:
…ಗೆ ಕಲ್ಲು.
ಪಕ್ಕಕ್ಕೆ, ಯಾರೂ ಅಚ್ಚು ಹಾಕದ ಅಂಚಿನಲ್ಲಿ, ಪೆನ್ಸಿಲ್ಲು:
ಹುಡುಗ. ಊಟಕ್ಕೆ ಎದ್ದಿದ್ದ.